ಪಡು ಅಂದರೆ ಕಡಲಲ್ಲ

ಚಿತ್ರದುರ್ಗದ ಓದುಗರೊಬ್ಬರು ಬರೆದಿದ್ದಾರೆ: "ನೆಂಟರ ಮದುವೆಗೆಂದು ಪಡುಪೆರಾರಕ್ಕೆ ಹೋಗಿದ್ದೆ. ಪಡು ಅಂದಮೇಲೆ ಕಡಲು ಪಕ್ಕದಲ್ಲೇ ಇರುತ್ತದೆ ಎಂದುಕೊಂಡಿದ್ದೆ. ಅಲ್ಲಿ ನೋಡಿದರೆ ಗುಡ್ಡ, ತೋಟ. ಈ ಪಡು, ಮೂಡು, ತೆಂಕ, ಬಡಗಗಳಿಗೆ ಅರ್ಥ ಇದೆಯೋ, ಸುಮ್ನೆ ಇಟ್ಟ ಹೆಸರೋ? ಕೋಡಿ ಎಂಬ ಊರಲ್ಲಿ ಕೆರೆಯೇ ಇಲ್ಲವಲ್ಲ, ಅದೇಕೆ?"

ಅರ್ಥ ಉಂಟು ಮಾರಾಯ್ರೆ. ಹೊತ್ತು ಮೂಡುವ ಕಡೆ ಮೂಡು. ಹೊತ್ತು ಪಡುವ, ಅಂದರೆ ಮುಳುಗುವ ಕಡೆ ಪಡು. ತೆಂಕ ದಕ್ಷಿಣ, ಬಡಗ ಉತ್ತರ. ನಮ್ಮಲ್ಲಿ ಪಡುವಿಗೆ ನಡೆಯುತ್ತಾ ಹೋದರೆ ಕೊನೆಗೆ ಕಡಲು ಸಿಗುತ್ತದೆ, ನಿಜ. ಆದರೆ ನೀವು ಹೋದ ಊರಿನ ಹೆಸರು ಕಡಲನ್ನು ನೋಡಿ ಇಟ್ಟದ್ದಲ್ಲ, ಪಕ್ಕದ ಜೋಡಿಯನ್ನು ನೋಡಿ ಇಟ್ಟದ್ದು. ಪೆರಾರದ ಒಂದು ಭಾಗ ಮೂಡುಪೆರಾರ, ಇನ್ನೊಂದು ಪಡುಪೆರಾರ. ಎರಡೂ ಬಜ್ಪೆಯ ಆಸುಪಾಸಿನವು. ಮಲ್ಪೆ ಬಳಿಯ ತೆಂಕನಿಡಿಯೂರು, ಬಡಾನಿಡಿಯೂರು, ಪಡುಬಿದ್ರಿ ಹತ್ತಿರದ ತೆಂಕ ಎರ್ಮಾಳು, ಬಡಾ ಎರ್ಮಾಳು ಕೂಡ ಹೀಗೇ. ವಿಳಾಸದಲ್ಲಿ ಆ ತೆಂಕ, ಬಡಾ ಬಿಟ್ಟರೆ ಕಾಗದ ಪಕ್ಕದ ಊರಿಗೆ ಹೋದೀತು. ಪಡುಬಿದ್ರಿ ಮಾತ್ರ ನಿಜಕ್ಕೂ ಕಡಲ ದಂಡೆಯಲ್ಲಿದೆ, ಮೂಡುಬಿದಿರೆ ಬಹಳ ಒಳಗೆ. 1997ರಲ್ಲಿ ಉಡುಪಿ ಜಿಲ್ಲೆ ಆದ ಮೇಲಂತೂ ಅವುಗಳ ಜಿಲ್ಲೆಯೂ ಬೇರೆ.

ಹೆಸರಿನಲ್ಲಷ್ಟೇ ಅಲ್ಲ, ಮಾತಿನಲ್ಲೂ ಇವು ಬದುಕಿವೆ. ಮನೆಯ ಪಡುಬದಿಯ ತೆಂಗು, ಗದ್ದೆಯ ಮೂಡುಬದಿಯ ತೋಡು ಎನ್ನುತ್ತೇವೆ. ಯಕ್ಷಗಾನದಲ್ಲಿ ತೆಂಕು, ಬಡಗು ತಿಟ್ಟುಗಳು ಇವೆ ಅಲ್ವಾ? ತುಳುವಿನಲ್ಲಿ ಇವೇ ಮೂಡಾಯಿ, ಪಡ್ಡಾಯಿ, ತೆನ್ಕಾಯಿ, ಬಡಕಾಯಿ. ಅಂದಹಾಗೆ, ನೀಲಗಿರಿಯ ಬಡಗರ ಹೆಸರಲ್ಲಿರುವುದೂ ಇದೇ ಬಡಗ. ಅವರು ಬಡಗಣದಿಂದ, ಮೈಸೂರು ಸೀಮೆಯ ಕಡೆಯಿಂದ ಬಂದವರು.

ಒಂದು ಎಚ್ಚರಿಕೆ. ಈ ಮಾತುಗಳನ್ನು ದಿಕ್ಸೂಚಿ ಹಿಡಿದು ಅಳೆಯಬೇಡಿ. ನಮ್ಮ ಕರಾವಳಿ ನೆಟ್ಟಗಿಲ್ಲ, ಓರೆಯಾಗಿದೆ. ಮಂಗಳೂರಿಂದ ದಂಡೆ ಹಿಡಿದು ಕಾರವಾರಕ್ಕೆ ಹೊರಟವರು ಬಡಗಿಗೆ ಹೋಗುತ್ತಿದ್ದೇವೆ ಎಂದುಕೊಂಡೇ ಪಡುವಿಗೂ ಸರಿಯುತ್ತಾ ಹೋಗುತ್ತಾರೆ.

ಇನ್ನು ಕೋಡಿ. ನಿಮ್ಮಲ್ಲಿ ಕೆರೆ ತುಂಬಿ ನೀರು ಹೊರಬೀಳುವ ಜಾಗ ಕೋಡಿ. ನಮ್ಮಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಚಾಚಿಕೊಂಡ ನೆಲದ ತುದಿ ಕೋಡಿ. ಕುಂದಾಪುರದ ಕೋಡಿ, ಕೋಡಿ ಬೆಂಗ್ರೆ ಎರಡೂ ಅಂಥವೇ: ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದರಲ್ಲಿ ಕಡಲು. ಹೊಳೆಯ ನಡುವಿನ ನೆಲವಾದರೆ ಅದು ಕುದ್ರು. ಕುಂದಾಪುರದ ಹತ್ತಿರದ ಉಪ್ಪಿನಕುದ್ರು ಹೆಸರು ನೀವು ಕೇಳಿರಬಹುದು, ಗೊಂಬೆಯಾಟಕ್ಕೆ ಹೆಸರಾದ ಊರು.