ಯುವಕ ಸಂಘದ ಸದಸ್ಯತ್ವ: ಓದುಗರ ಪ್ರಶ್ನೆ, ನಮ್ಮ ಉತ್ತರ

ಯುವಕ ಸಂಘ, ಯುವತಿ ಮಂಡಳಿ ಸೇರುವ ಬಗ್ಗೆ ಶಿವಮೊಗ್ಗ ಜಿಲ್ಲೆಯ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಹೆಸರು ಬೇಡ ಎಂದವರೇ ಹೆಚ್ಚು, ಹಾಗಾಗಿ ತಾಲ್ಲೂಕನ್ನಷ್ಟೇ ಹಾಕಿದ್ದೇವೆ.

ಬಿ.ಕಾಂ. ಓದುತ್ತಿದ್ದೇನೆ. ನಮ್ಮೂರ ಯುವಕ ಸಂಘದವರು ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿಸಿ, ಜೆರ್ಸಿಯನ್ನೂ ಕೊಟ್ಟು, ಈಗ 200 ರೂಪಾಯಿ ಕೇಳುತ್ತಿದ್ದಾರೆ. ನಾನು ಸದಸ್ಯ ಆದ ಹಾಗೆಯೇ? ದುಡ್ಡು ಕೊಡುವ ಮೊದಲು ಏನೇನು ವಿಚಾರಿಸಬೇಕು? (ತೀರ್ಥಹಳ್ಳಿ ತಾಲ್ಲೂಕು)

ಇನ್ನೂ ಆಗಿಲ್ಲ. ಸದಸ್ಯ ಎನ್ನಿಸಿಕೊಳ್ಳಲು ನಿಮ್ಮ ಅರ್ಜಿ ಕಾರ್ಯಕಾರಿ ಸಮಿತಿಯ ಮುಂದೆ ಬರಬೇಕು, ಒಪ್ಪಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕು, ಹಣಕ್ಕೆ ರಸೀದಿ ಕೊಡಬೇಕು, ಸದಸ್ಯರ ರಿಜಿಸ್ಟರಿನಲ್ಲಿ ನಿಮ್ಮ ಹೆಸರು, ವಿಳಾಸ, ಸೇರಿದ ದಿನಾಂಕ ದಾಖಲಾಗಿ ಎದುರಿಗೆ ನಿಮ್ಮ ಸಹಿ ಬೀಳಬೇಕು. ಹಳ್ಳಿ ಸಂಘಗಳಲ್ಲಿ ತಪ್ಪಿಹೋಗುವುದು ಈ ಕೊನೆಯ ಕೆಲಸವೇ. ವರ್ಷಗಟ್ಟಲೆ ಶ್ರಮದಾನ ಮಾಡಿದವರಿಗೆ ಚುನಾವಣೆಯ ದಿನ ‘ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ’ ಎಂಬ ಉತ್ತರ ಸಿಗುವುದು ಇದರಿಂದ.

ರಸೀದಿಯನ್ನು ಜೇಬಿಗೆ ಹಾಕುವ ಮುಂಚೆ ಒಮ್ಮೆ ಓದಿ. ಕ್ರಮಸಂಖ್ಯೆ, ದಿನಾಂಕ, ಸಹಿ ಇದ್ದರಷ್ಟೇ ಸಾಲದು. ಯಾವ ಬಾಬ್ತು ಎಂಬಲ್ಲಿ ‘ಸದಸ್ಯತ್ವ ಶುಲ್ಕ’ ಎಂದು ಬರೆದಿರಬೇಕು. ಗಣಪತಿ ಹಬ್ಬಕ್ಕೆ ಅಚ್ಚು ಹಾಕಿಸಿದ ರಸೀದಿ ಪುಸ್ತಕದಲ್ಲೇ ಎಲ್ಲವನ್ನೂ ಹರಿದು ಕೊಡುವ ಸಂಘಗಳಿವೆ. ಅದರಲ್ಲಿ ಮೊದಲೇ ‘ದೇಣಿಗೆ’ ಎಂದು ಅಚ್ಚಾಗಿರುತ್ತದೆ. ದೇಣಿಗೆ ಕೊಟ್ಟವರಿಗೆ ಪ್ರಸಾದ ಸಿಗಬಹುದು, ಮತದ ಹಕ್ಕು ಸಿಗುವುದಿಲ್ಲ.

ಇನ್ನು ಬೈಲಾ, ಅಂದರೆ ಸಂಘದ ನಿಯಮಾವಳಿ. ಅದರ ಪ್ರತಿ ಕೇಳಿ, ಓದಿದ ಮೇಲೆ ಹಣ ಕೊಡಿ. ಪ್ರವೇಶ ಶುಲ್ಕ ಒಮ್ಮೆ ಕೊಡುವಂಥದ್ದು, ವಾರ್ಷಿಕ ಚಂದಾ ಪ್ರತಿವರ್ಷದ್ದು. ನಿಮ್ಮ 200 ರೂಪಾಯಿ ಇವೆರಡರಲ್ಲಿ ಯಾವುದು? ಚಂದಾ ಎಷ್ಟು ತಿಂಗಳು ಬಾಕಿಯಾದರೆ ಮತ ಹೋಗುತ್ತದೆ, ಎಷ್ಟು ಸಭೆ ತಪ್ಪಿಸಿದರೆ ಹೆಸರು ತೆಗೆಯುತ್ತಾರೆ, ತೆಗೆಯುವ ಮೊದಲು ನೋಟಿಸ್ ಕೊಡುತ್ತಾರೆಯೇ, ಪದಾಧಿಕಾರಿಯಾಗಲು ಎಷ್ಟು ವರ್ಷದ ಸದಸ್ಯತ್ವ ಬೇಕು ಎಂಬ ಅಂಶಗಳನ್ನು ಹುಡುಕಿ ನೋಡಿ. ಬೈಲಾ ತೋರಿಸಲು ಹಿಂದೆಮುಂದೆ ನೋಡುವ ಸಂಘಕ್ಕೆ ಸೇರುವ ಅವಸರ ಬೇಡ.

ಫ್ಲೆಕ್ಸಿನಲ್ಲಿ ಹೆಸರಿನ ಪಕ್ಕ ‘(ರಿ.)’ ಇದ್ದರೆ ನೋಂದಣಿ ಸಂಖ್ಯೆ ಕೇಳಿ. ಜೊತೆಗೆ ಕಳೆದ ವರ್ಷದ ಲೆಕ್ಕಪತ್ರವನ್ನು ನೋಂದಣಾಧಿಕಾರಿ ಕಚೇರಿಗೆ ಸಲ್ಲಿಸಿದ ಸ್ವೀಕೃತಿಯನ್ನೂ ಕೇಳಿ. ಒಂದು ಕಾಲದಲ್ಲಿ ನೋಂದಣಿಯಾಗಿ ಆಮೇಲೆ ಕಾಗದವನ್ನೇ ಮುಟ್ಟದ ಸಂಘಗಳಿಗೇನೂ ಬರವಿಲ್ಲ.

ಮಗಳಿಗೆ 16 ವರ್ಷ, ಪಿಯುಸಿ ಓದುತ್ತಿದ್ದಾಳೆ. ಯುವತಿ ಮಂಡಳಿ ಸೇರುತ್ತೇನೆ ಅನ್ನುತ್ತಾಳೆ. ಈ ವಯಸ್ಸಿಗೆ ಸೇರಿಸಿಕೊಳ್ಳುತ್ತಾರಾ? ಕಳಿಸಬಹುದಾ? (ಹೊಸನಗರ ತಾಲ್ಲೂಕು)

ಸೇರಬಹುದು. ಕೇಂದ್ರ ಸರ್ಕಾರದ ಯುವಜನ ಕಾರ್ಯಕ್ರಮಗಳಲ್ಲಿ ವಯೋಮಿತಿ 15ರಿಂದ 29. ಹಿಂದೆ ನೆಹರು ಯುವ ಕೇಂದ್ರದಲ್ಲೂ ಯುವಕ–ಯುವತಿ ಮಂಡಳಿಗಳಿಗೆ ಇದೇ ಲೆಕ್ಕವಿತ್ತು, 2023ರ ಅಕ್ಟೋಬರ್ 31ರಂದು ಶುರುವಾದ ‘ಮೇರಾ ಯುವ ಭಾರತ್’ನಲ್ಲೂ ಇದೇ. ಆದರೆ ಸಂಘ ನೋಂದಾಯಿಸುವಾಗ ಸಹಿ ಹಾಕುವವರಿಗೆ 18 ತುಂಬಿರಬೇಕು. ಹಾಗಾಗಿ 18ರ ಒಳಗಿನವರನ್ನು ‘ಸಹ-ಸದಸ್ಯ’ರೆಂದು ಸೇರಿಸಿಕೊಳ್ಳುವುದು ರೂಢಿ. ಕಾರ್ಯಕ್ರಮಗಳಿಗೆಲ್ಲ ಬರಬಹುದು; ಮತ, ಪದಾಧಿಕಾರ, ಬ್ಯಾಂಕ್ ಸಹಿ ಇರುವುದಿಲ್ಲ. ಅರ್ಜಿಯ ಜೊತೆ ನಿಮ್ಮ ಒಪ್ಪಿಗೆ ಪತ್ರ ಕೊಡಿ.

ಕಳಿಸುವ ವಿಚಾರಕ್ಕೆ ಬಂದರೆ, ಸಭೆ ಎಷ್ಟು ಹೊತ್ತಿಗೆ ಎಂಬುದನ್ನು ಮೊದಲು ಕೇಳಿ. ಆರು ಗಂಟೆಗೆ ಸಭೆ ಕರೆದರೆ ಮುಗಿಯುವಾಗ ನಿಮ್ಮ ಕಡೆಗೆ ಬಸ್ಸಿರುವುದಿಲ್ಲ. ಭಾನುವಾರ ಬೆಳಿಗ್ಗೆ ಸೇರುವ ಮಂಡಳಿಗಳಲ್ಲಿ ಹೆಣ್ಣುಮಕ್ಕಳ ಹಾಜರಾತಿ ತಾನಾಗಿಯೇ ಚೆನ್ನಾಗಿರುತ್ತದೆ. ಹೊರಗಿನ ಶಿಬಿರವಾದರೆ ಜೊತೆಗೆ ಹೋಗುವ ಹಿರಿಯ ಹೆಂಗಸರು ಯಾರು, ಉಳಿಯುವುದು ಎಲ್ಲಿ, ಯಾರ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ಬರಹದಲ್ಲಿ ಪಡೆಯಿರಿ. ಕೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳಬಾರದು.

ನಾವು ಹತ್ತು ಹುಡುಗರು ಸೇರಿ ವಾಲಿಬಾಲ್ ಟೂರ್ನಮೆಂಟ್, ರಸ್ತೆ ಬದಿ ಹಳು ಸವರುವುದು ಎಲ್ಲ ಮಾಡುತ್ತ ಬಂದಿದ್ದೇವೆ. ಸಂಘವನ್ನು ರಿಜಿಸ್ಟರ್ ಮಾಡಿಸಬೇಕು. ಎಲ್ಲಿಂದ ಶುರು ಮಾಡುವುದು? (ಸಾಗರ ತಾಲ್ಲೂಕು)

ಜಮೀನಿನ ಕ್ರಯಪತ್ರ ಆಗುವ ಉಪ ನೋಂದಣಾಧಿಕಾರಿ ಕಚೇರಿಗೆ ಮಾತ್ರ ಹೋಗಬೇಡಿ, ಅಲ್ಲಿ ಈ ಕೆಲಸ ಆಗುವುದಿಲ್ಲ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬರುತ್ತದೆ. ಅದನ್ನು ನೋಡಿಕೊಳ್ಳುವುದು ಸಹಕಾರ ಇಲಾಖೆಯಲ್ಲಿರುವ ಸಂಘಗಳ ನೋಂದಣಾಧಿಕಾರಿ.

ಕನಿಷ್ಠ 7 ಜನ ಬೇಕು. ಮೊದಲು ಸಭೆ ಸೇರಿ ಹೆಸರು, ಉದ್ದೇಶ, ಪದಾಧಿಕಾರಿಗಳನ್ನು ತೀರ್ಮಾನಿಸಿ ನಡಾವಳಿ ಬರೆಯಿರಿ. ಆಮೇಲೆ ಮೆಮೊರಾಂಡಂ (ಸಂಘದ ಹೆಸರು, ಉದ್ದೇಶ ಬರೆದ ಪತ್ರ) ಮತ್ತು ಬೈಲಾ. ಪ್ರತಿಯೊಬ್ಬರ ಪೂರ್ಣ ಹೆಸರು, ವಿಳಾಸ, ಉದ್ಯೋಗ, ಗುರುತಿನ ಚೀಟಿ ಬೇಕಾಗುತ್ತದೆ. ಕಚೇರಿ ಎಂದು ತೋರಿಸುವ ಮನೆಯ ಮಾಲೀಕರ ಒಪ್ಪಿಗೆ ಪತ್ರವನ್ನೂ ಇಟ್ಟುಕೊಳ್ಳಿ. ಆಧಾರಿನಲ್ಲಿ ಒಂದು ಇನಿಷಿಯಲ್, ಅರ್ಜಿಯಲ್ಲಿ ಇನ್ನೊಂದು ಇದ್ದರೆ ಕಡತ ವಾಪಸ್ ಬರುತ್ತದೆ, ಮತ್ತೆ ಸಾಗರದಿಂದ ಶಿವಮೊಗ್ಗದ ಬಸ್ ಹತ್ತಬೇಕಾಗುತ್ತದೆ. ಹೆಸರಿನ ವಿಷಯದಲ್ಲೂ ಜಾಗ್ರತೆ. ವಿವೇಕಾನಂದರ ಹೆಸರಿನ ಯುವಕ ಸಂಘಗಳು ಊರೂರಲ್ಲಿವೆ; ಈಗಾಗಲೇ ಇರುವ ಹೆಸರನ್ನೋ ಅದಕ್ಕೆ ತೀರ ಹತ್ತಿರವಾದದ್ದನ್ನೋ ಒಪ್ಪುವುದಿಲ್ಲ. ನಿಮ್ಮೂರ ಹೆಸರು ಸೇರಿಸಿ, ಪರ್ಯಾಯವಾಗಿ ಎರಡು ಹೆಸರು ಯೋಚಿಸಿಕೊಂಡು ಹೋಗಿ.

ಪ್ರಮಾಣಪತ್ರ ಬಂದ ಮೇಲೆ ಸಂಘದ ಹೆಸರಿನಲ್ಲೇ ಪ್ಯಾನ್ ಮಾಡಿಸಿ, ಬ್ಯಾಂಕ್ ಖಾತೆ ತೆರೆಯಿರಿ. ಇಬ್ಬರ ಜಂಟಿ ಸಹಿ ಇರಲಿ, ಅದರಲ್ಲಿ ಖಜಾಂಚಿಯದು ಕಡ್ಡಾಯವಾಗಲಿ. ಪದಾಧಿಕಾರಿಗಳು ಬದಲಾದ ಕೂಡಲೇ ಬ್ಯಾಂಕಿಗೆ ಹೊಸ ಠರಾವು ಕೊಡದಿದ್ದರೆ, ಬೆಂಗಳೂರಿಗೆ ಹೋದ ಹಳೇ ಕಾರ್ಯದರ್ಶಿಯ ಸಹಿಗಾಗಿ ಚೆಕ್ ಹಿಡಿದು ಕಾಯಬೇಕಾಗುತ್ತದೆ.

ನೋಂದಣಿ ಮಾಡಿಸುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದೇ ಕಷ್ಟ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗಬೇಕು. ಆದ 14 ದಿನದೊಳಗೆ ಸಮಿತಿಯವರ ಪಟ್ಟಿ, ಆಡಿಟ್ ಆದ ಲೆಕ್ಕ ಕಚೇರಿಗೆ ತಲುಪಬೇಕು. ಜನ ‘ರಿನ್ಯೂವಲ್’ ಅನ್ನುವುದು ಇದನ್ನೇ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿದರೂ ಜೂನ್–ಜುಲೈನಲ್ಲಿ ಎಲ್ಲರೂ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುವ ಗಡಿಬಿಡಿಯಲ್ಲಿರುತ್ತಾರೆ, ನವೆಂಬರ್ ಬಂತೆಂದರೆ ಅಡಿಕೆ ಕೊನೆ ಕೊಯ್ಲು. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಬೇಕಿದ್ದರೆ ಮೇ ತಿಂಗಳಲ್ಲೋ ಸೆಪ್ಟೆಂಬರಿನಲ್ಲೋ ಸಭೆ ಇಟ್ಟುಕೊಳ್ಳಿ.

ಟೂರ್ನಮೆಂಟ್ ಹಣವೆಲ್ಲ ಕಾರ್ಯದರ್ಶಿಯ ಸ್ವಂತ ಫೋನ್‌ಪೇಗೆ ಹೋಗಿದೆ. ಲೆಕ್ಕ ಕೇಳಿದರೆ ‘ನನ್ನ ಮೇಲೆ ಅನುಮಾನವಾ’ ಅನ್ನುತ್ತಾನೆ. (ಸೊರಬ ತಾಲ್ಲೂಕು)

ಲೆಕ್ಕ ಕೇಳುವುದು ಸದಸ್ಯರ ಹಕ್ಕು, ಅದನ್ನು ಅನುಮಾನ ಎಂದುಕೊಳ್ಳಬೇಕಿಲ್ಲ. ಹಾಗೆಂದು ಗ್ರೂಪಿನಲ್ಲಿ ಕೇಳಬೇಡಿ, ಜಗಳವಾಗುತ್ತದೆ. ಅಧ್ಯಕ್ಷರಿಗೆ ಬರಹದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ‘ತಲುಪಿದೆ’ ಎಂದು ಸಹಿ ಹಾಕಿಸಿಕೊಳ್ಳಿ. ಕೇಳಬೇಕಾದ್ದು ಇಷ್ಟು: ತಂಡಗಳ ಪ್ರವೇಶ ಶುಲ್ಕ ಎಷ್ಟು, ದೇಣಿಗೆ ರಸೀದಿಗಳ ಮೊದಲ ಮತ್ತು ಕೊನೆಯ ಸಂಖ್ಯೆ ಯಾವುದು, ಟ್ರೋಫಿ, ಶಾಮಿಯಾನ, ಮೈಕ್, ಊಟದ ಬಿಲ್ಲುಗಳೆಲ್ಲಿ, ಉಳಿಕೆ ಎಲ್ಲಿದೆ. ತಂಡಗಳ ಸಂಖ್ಯೆಯನ್ನು ಪ್ರವೇಶ ಶುಲ್ಕದಿಂದ ಗುಣಿಸಿ ನೋಡಿ. ಬಹಳಷ್ಟು ಸಲ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ, ಅದೂ ಬಾಕಿ ಹೇಳಿ ಆಡಿದ ತಂಡಗಳಿಂದ. ಎಲ್ಲವನ್ನೂ ಕಳ್ಳತನವೆಂದು ಹೊರಡಬೇಡಿ. ಇನ್ನು ಮುಂದೆ ಸಂಘದ ಖಾತೆಗೆ ಜೋಡಿಸಿದ ಕ್ಯೂಆರ್ ಮಾತ್ರ ಅಂಟಿಸಿ. ನೋಂದಾಯಿತ ಸಂಘವಾಗಿದ್ದು ಯಾರೂ ಉತ್ತರ ಕೊಡದಿದ್ದರೆ ನೋಂದಣಾಧಿಕಾರಿಗೆ ದೂರು ಕೊಡಬಹುದು.

ಸದಸ್ಯತ್ವದ ಸರ್ಟಿಫಿಕೇಟ್ ಇದ್ದರೆ ಸರ್ಕಾರಿ ಕೆಲಸಕ್ಕೆ ಅನುಕೂಲವೇ? (ಭದ್ರಾವತಿ)

ಅದನ್ನು ನಂಬಿ ಸೇರಬೇಡಿ. ಕ್ರೀಡಾ ಮೀಸಲಾತಿಗೆ ಊರ ಸಂಘದ ಪ್ರಮಾಣಪತ್ರ ನಡೆಯುವುದಿಲ್ಲ. ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಬೇರೆಯೇ ವ್ಯವಸ್ಥೆ. ಅಲ್ಲಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮತ್ತು 7 ದಿನದ ವಿಶೇಷ ಶಿಬಿರ ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ.

ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟಿದ್ದೇನೆ. ಸದಸ್ಯತ್ವ ಏನಾಗುತ್ತದೆ? (ಶಿಕಾರಿಪುರ)

ಚಂದಾ ಕಟ್ಟುತ್ತಿದ್ದರೆ, ಸ್ಥಳೀಯ ವಾಸ ಕಡ್ಡಾಯ ಎಂದು ಬೈಲಾದಲ್ಲಿ ಇಲ್ಲದಿದ್ದರೆ, ಮುಂದುವರಿಯುತ್ತದೆ. ಪದಾಧಿಕಾರಿಯಾಗಿದ್ದರೆ ಹೋಗುವ ಮುನ್ನ ರಾಜೀನಾಮೆ ಕೊಟ್ಟು, ಪುಸ್ತಕ, ಸೀಲು, ಚೆಕ್‌ಬುಕ್ ಪಟ್ಟಿ ಮಾಡಿ ಒಪ್ಪಿಸಿ.

ಹೊಸ ಸದಸ್ಯರೆಲ್ಲ ಫೆಬ್ರವರಿಯಲ್ಲಿ ಕಾಡಂಚಿನ ದಾರಿ ಸ್ವಚ್ಛ ಮಾಡಬೇಕಂತೆ. ಮಂಗನ ಕಾಯಿಲೆಯ ಸಮಯವಲ್ಲವೇ? (ತೀರ್ಥಹಳ್ಳಿ ತಾಲ್ಲೂಕು)

ಹೌದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಡಿಸೆಂಬರಿನಿಂದ ಮೇ ತನಕ ಹೆಚ್ಚು. ಒಣ ದಿನಗಳಲ್ಲಿ ಇದನ್ನು ಹರಡುವ ಉಣುಗಿನ ಮರಿಗಳು ತರಗೆಲೆಯಲ್ಲಿ ತುಂಬಿರುತ್ತವೆ, ಗಸಗಸೆ ಕಾಳಿನಷ್ಟು ಸಣ್ಣ, ಕಚ್ಚಿದ್ದು ಗೊತ್ತಾಗುವುದಿಲ್ಲ. ದಾರಿ ಕೆಲಸವನ್ನು ಮಳೆ ಬಿಟ್ಟ ಮೇಲೆ, ಅಕ್ಟೋಬರ್–ನವೆಂಬರಿನಲ್ಲಿ ಇಟ್ಟುಕೊಳ್ಳಿ ಎಂದು ಸಮಿತಿಗೆ ಹೇಳಿ. ಆಗಲೇಬೇಕೆಂದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿ, ಉದ್ದ ತೋಳಿನ ಅಂಗಿ, ಪೂರ್ಣ ಪ್ಯಾಂಟ್ ಹಾಕಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಕಾಡಿನಿಂದ ಬಂದು 3ರಿಂದ 8 ದಿನದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.