ಓದಿನ ನೋಟ್‌ಬುಕ್ಕಿಗೆ ಕವರ್ ಪೇಜ್: ಅರ್ಧ ಖಾಲಿ ಬಿಟ್ಟು ಕಳಿಸಿ

ಮಗಳು ನಾಲ್ಕನೇ ಕ್ಲಾಸ್, ಓದಿದ ಪುಸ್ತಕಗಳ ಬಗ್ಗೆ ಬರೆದಿಡುವ ಓದಿನ ನೋಟ್‌ಬುಕ್ಕಿಗೆ ಚೆಂದದ ಕವರ್ ಪೇಜ್ ಮಾಡಿ ತರಲು ಶಾಲೆಯಲ್ಲಿ ಹೇಳಿದ್ದಾರೆ, ಸೋಮವಾರ ಕೊಡಬೇಕು, ನನಗೆ ಚಿತ್ರ ಬರೋದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಒಂದು ಶಾಲೆಯಲ್ಲಿ 16 ವರ್ಷದಿಂದ ಟೀಚರ್. ಇಂಥ ನೋಟ್‌ಬುಕ್ಕುಗಳನ್ನು ಪ್ರತಿ ಜೂನ್‌ನಲ್ಲಿ ಒಂದೊಂದಾಗಿ ತೆರೆದು ನೋಡುತ್ತೇನೆ. ನಿಮಗೆ ಚಿತ್ರ ಬರದಿದ್ದರೆ ಪರವಾಗಿಲ್ಲ, ಮಗಳೇ ಬಿಡಿಸಲಿ. ಸೋಮವಾರಕ್ಕೆ ಅದು ಪೂರ್ತಿ ಆಗಿರಲೇಬೇಕು ಅಂತಲೂ ಇಲ್ಲ. ಬೇಕೆಂದೇ ಅರ್ಧ ಖಾಲಿ ಬಿಟ್ಟು ಕಳಿಸಿ.

ಎರಡು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಅವನ ಅಪ್ಪ ಬಸ್ ಡ್ರೈವರ್. ಪುಸ್ತಕ ಅಂದರೆ ಅಷ್ಟಕ್ಕಷ್ಟೇ, ಬಸ್ಸು ಅಂದರೆ ಪ್ರಾಣ. ಕವರಿನ ತುಂಬ ಒಂದು ಕೆಂಪು ಬಸ್ಸು ಬಿಡಿಸಿಕೊಂಡು ಬಂದ. ಏಳು ಕಿಟಕಿ. ಊರಿನ ಹೆಸರು ಇರುವ ಬೋರ್ಡಿನಲ್ಲಿ ‘ಓದಿನೂರು’ ಅಂತ ಬರೆದಿದ್ದ. ಕಿಟಕಿಗಳು ಮಾತ್ರ ಬೆಳ್ಳಗೆ ಹಾಗೇ ಇದ್ದವು. “ಯಾಕೋ ಖಾಲಿ ಬಿಟ್ಟಿದ್ದೀಯ?” ಅಂದೆ. “ಇನ್ನೂ ಯಾರೂ ಹತ್ತಿಲ್ಲ ಮಿಸ್” ಅಂದ.

ಒಂದು ಪುಸ್ತಕ ಓದಿ ಮುಗಿಸಿದರೆ ಅದರೊಳಗಿನ ಒಬ್ಬರು ಬಸ್ಸು ಹತ್ತಬೇಕು, ಅದು ಅವನ ಲೆಕ್ಕ. ಮೊದಲು ಹತ್ತಿದ್ದು ತೆನಾಲಿ ರಾಮ. ಅವನ ಹಿಂದೆ ಒಂದು ನರಿ, ಬಾಲ ಕಿಟಕಿಯಿಂದ ಹೊರಗೆ. ಆಮೇಲೆ ಪೇಟ ಸುತ್ತಿದ ಸರ್ ಎಂ. ವಿಶ್ವೇಶ್ವರಯ್ಯ. ದೀಪಾವಳಿ ಹೊತ್ತಿಗೆ ಏಳು ಕಿಟಕಿಯೂ ತುಂಬಿದವು. ಮುಂದೆ ಬಂದವರನ್ನೆಲ್ಲ ಬಸ್ಸಿನ ಟಾಪ್ ಮೇಲೆ ಕೂರಿಸಿದ. ಪುಸ್ತಕ ಹಿಡಿಯದ ಹುಡುಗ ಲೈಬ್ರರಿ ಪೀರಿಯಡ್‌ನಲ್ಲಿ “ಇದರಲ್ಲಿ ಯಾರು ಬರ್ತಾರೆ ಮಿಸ್?” ಅಂತ ಕೇಳಿ ಕೇಳಿ ಪುಸ್ತಕ ಆರಿಸುತ್ತಿದ್ದ. ಅವತ್ತಿನಿಂದ ಎಲ್ಲ ಮಕ್ಕಳಿಗೂ ನಾನು ಹೇಳುವುದು ಇದೇ, ಒಂದಿಷ್ಟು ಖಾಲಿ ಜಾಗ ಇಟ್ಟುಕೊಳ್ಳಿ ಅಂತ.

ನಿಮ್ಮ ಮಗಳಿಗೆ ಯಾವುದರ ಹುಚ್ಚು ಅಂತ ಮೊದಲು ಕೇಳಿ. ದಸರಾ ಗೊಂಬೆ ಕೂರಿಸುವ ಮನೆಯಾದರೆ ಗೊಂಬೆಯ ಮೆಟ್ಟಿಲು ಬಹಳ ಚೆನ್ನಾಗಿ ಒಪ್ಪುತ್ತದೆ. ಒಂಬತ್ತು ಮೆಟ್ಟಿಲು, ಮೇಲೆ ಪಟ್ಟದ ಗೊಂಬೆ ಎರಡು, ಉಳಿದದ್ದೆಲ್ಲ ಖಾಲಿ. ಓದಿದ ಪುಸ್ತಕಕ್ಕೊಂದು ಗೊಂಬೆ ಕೂರಿಸುತ್ತಾ ಹೋಗಲಿ. ಕಿರಾಣಿ ಅಂಗಡಿಯ ಗಾಜಿನ ಡಬ್ಬಿಗಳ ಸಾಲೂ ಆಗುತ್ತದೆ.

ಇಂಟರ್‌ನೆಟ್ಟಿಂದ ಪ್ರಿಂಟ್ ತೆಗೆದು ಅಂಟಿಸಬೇಡಿ, ದಯವಿಟ್ಟು. ಒಂದು ವರ್ಷ ಒಂದೇ ಚಿಟ್ಟೆಯ ಚಿತ್ರ ಐದು ನೋಟ್‌ಬುಕ್ಕಿನ ಮೇಲೆ ಬಂದಿತ್ತು. ಆ ಐದು ಮಕ್ಕಳಿಗೂ ತಮ್ಮ ಪುಸ್ತಕ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ನನಗೆ ನಿಜವಾಗಿ ಬೇಜಾರಾಯಿತು.

ಇನ್ನು ಮಾಡುವ ರೀತಿ. ನೋಟ್‌ಬುಕ್ಕಿನ ಮೇಲೆ ನೇರವಾಗಿ ಬಿಡಿಸಬೇಡಿ. ಡ್ರಾಯಿಂಗ್ ಶೀಟನ್ನು ಅಳತೆಗೆ ಕತ್ತರಿಸಿ, ಅದರ ಮೇಲೆ ಬಿಡಿಸಿ, ಆಮೇಲೆ ಅಂಟಿಸಿ. ಹೊಲಿಗೆ ಇರುವ ಕಡೆ ಎರಡು ಸೆಂಟಿಮೀಟರ್ ಬಿಡಿ. ನೋಟ್‌ಬುಕ್ ಮಡಚಿ ಮಡಚಿ ಮೊದಲು ಹಾಳಾಗುವುದು ಅಲ್ಲೇ.

ಹೆಸರು ಬರೆಯುವಾಗ ಜಾಸ್ತಿ ಜನ ಎಡವುವುದು ಒತ್ತಕ್ಷರದಲ್ಲಿ. ‘ನನ್ನ ಪುಸ್ತಕ’ ಅಂತ ಬರೆಯಬೇಕು ಅಂದುಕೊಳ್ಳಿ. ಎರಡು ಗೆರೆ ಎಳೆದು ನಡುವೆ ದೊಡ್ಡದಾಗಿ ಬರೆಯುತ್ತಾರೆ. ‘ನ್ನ’ದ ಒತ್ತು, ‘ಸ್ತ’ದ ಒತ್ತು ಕೆಳಗಿಳಿದು ಚಿತ್ರದ ತಲೆ ಮೇಲೆ ಕೂರುತ್ತವೆ. ಅದಕ್ಕೆ ಪೆನ್ಸಿಲ್ಲಿನಲ್ಲಿ ಮೂರು ಗೆರೆ ಎಳೆಯಿರಿ. ಮೇಲಿನ ಎರಡರ ನಡುವೆ ಅಕ್ಷರ, ಕೆಳಗಿನ ಸಾಲು ಬರೀ ಒತ್ತಿಗೆ. ಅಕ್ಷರ ದಪ್ಪ ಕಾಣಬೇಕಾದರೆ ಎರಡು ಪೆನ್ಸಿಲ್ ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಎರಡೂ ಮೊನೆ ಕಾಗದಕ್ಕೆ ತಾಗುವ ಹಾಗೆ ಹಿಡಿದು ಬರೆಯಲಿ. ಎರಡು ಗೆರೆ ಒಟ್ಟಿಗೆ ಬರುತ್ತವೆ. ನಮ್ಮ ಅಕ್ಷರ ದುಂಡಗಿರುವುದರಿಂದ ತಿರುವಿನಲ್ಲಿ ಗೆರೆಗಳು ತಾವೇ ಹತ್ತಿರ ಬಂದು ದೂರ ಸರಿಯುತ್ತವೆ. ನಡುವೆ ಬಣ್ಣ ತುಂಬಿದರೆ ಮುಗಿಯಿತು. ‘ಠ’, ‘ರ’, ‘ದ’ ಬರೆದು ನೋಡಲು ಹೇಳಿ, ಖುಷಿಪಡುತ್ತಾಳೆ.

ಚಿತ್ರವೇ ಬೇಡ, ಅಂಚು ಸಾಕು ಅಂದರೆ ನಮ್ಮ ಕಡೆಯ ಹಸೆ ಚಿತ್ತಾರ ಇದೆ. ದೀವರು ಎಂಬ ಸಮುದಾಯದ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಬರೆಯುತ್ತಾರೆ. ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಎಲ್ಲವೂ ನೇರ ಗೆರೆ, ಅಡ್ಡ ಗೆರೆ, ತ್ರಿಕೋನ. ಹಾಗಾಗಿ ಸ್ಕೇಲ್ ಹಿಡಿದ ಮಕ್ಕಳೂ ಕಲಿಯಬಹುದು. ಬೈಂಡ್ ಹಾಕುವ ಬ್ರೌನ್ ಪೇಪರ್ ಹೆಚ್ಚು ಕಡಿಮೆ ಆ ಗೋಡೆಯ ಬಣ್ಣವೇ. ಅದರ ಮೇಲೆ ಬಿಳಿ ಪೋಸ್ಟರ್ ಕಲರ್, ಪೊರಕೆ ಕಡ್ಡಿಯ ತುದಿ, ಅಷ್ಟು ಸಾಕು. ಪುಸ್ತಕ ಮುಗಿದಾಗಲೆಲ್ಲ ಅಂಚಿನ ಒಂದು ತುಂಡು ಬರೆಯುತ್ತಾ ಬಂದರೆ ಮಾರ್ಚ್ ಹೊತ್ತಿಗೆ ಸುತ್ತು ಪೂರ್ತಿಯಾಗುತ್ತದೆ.

ಹೆಸರು, ಕ್ಲಾಸನ್ನು ಸ್ಕೆಚ್ ಪೆನ್ನಿನಲ್ಲಿ ಬರೆಯಬೇಡಿ. ಮಳೆಯಲ್ಲಿ ಬ್ಯಾಗ್ ನೆನೆದರೆ ಮೊದಲು ಹರಡುವುದು ಅದೇ. ಬಾಲ್ ಪೆನ್ ಒಳ್ಳೆಯದು. ಮಿಂಚಿನ ಪುಡಿ ಬೇಡ, ಬ್ಯಾಗಿನಲ್ಲೆಲ್ಲ ಉದುರುತ್ತದೆ. ಮೇಲೆ ಪ್ಲಾಸ್ಟಿಕ್ ಕವರ್ ಬೇಕೇ ಬೇಕು, ಆದರೆ ಟೇಪ್ ಹಾಕಿ ಮುಚ್ಚಬೇಡಿ. ತೆಗೆದು ಹಾಕಲು ಬರುವಂತಿರಲಿ. ಇಲ್ಲದಿದ್ದರೆ ಖಾಲಿ ಕಿಟಕಿಯಲ್ಲಿ ಮುಂದೆ ಯಾರನ್ನೂ ಕೂರಿಸಲು ಆಗುವುದಿಲ್ಲ, ಅಲ್ವಾ?

ಫೆವಿಕಾಲನ್ನು ತೆಳ್ಳಗೆ ಸವರಿ. ಜಾಸ್ತಿಯಾದರೆ ಕಾಗದ ಸುಕ್ಕಾಗುತ್ತದೆ. ನಡುವಿನಿಂದ ಅಂಚಿನ ಕಡೆಗೆ ಒಣ ಬಟ್ಟೆಯಲ್ಲಿ ಒತ್ತಿ, ಮೇಲೊಂದು ಹಳೇ ಪೇಪರ್ ಹಾಸಿ, ಭಾನುವಾರ ರಾತ್ರಿ ಅಕ್ಕಿ ಡಬ್ಬಿಯ ಕೆಳಗೆ ಇಟ್ಟುಬಿಡಿ. ಬೆಳಗ್ಗೆ ತೆಗೆಯುವಾಗ ಮಗಳ ಕೈಯಲ್ಲೇ ತೆಗೆಸಿ.