ಜಿಜಿಪ್ ಆನ್ ಮಾಡಿದರೂ ಪುಟ ಹಗುರಾಗಿಲ್ಲ, ಏಕೆ?

ಪ್ರಶ್ನೆ: ನಮ್ಮದು ಪಂಪ್‌ಸೆಟ್ ಬಿಡಿಭಾಗಗಳ ಸಗಟು ವ್ಯಾಪಾರ. ಕನ್ನಡದ ದರಪಟ್ಟಿಯುಳ್ಳ ಜಾಲತಾಣ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದಲ್ಲಿ ನಡೆಯುತ್ತದೆ. ಕಡತಗಳನ್ನು ಕುಗ್ಗಿಸಿ ಕಳಿಸುವ ಜಿಜಿಪ್ ಆನ್ ಮಾಡಿದ್ದೇವೆ, ಆದರೂ ಮೊಬೈಲಿನಲ್ಲಿ ನಿಧಾನ. ಕುಗ್ಗಿಸುವ ಇನ್ನೊಂದು ವಿಧಾನವಾದ ಬ್ರಾಟ್ಲಿ ಹಾಕೋಣವೆಂದರೆ, ಓಪನ್ ಸೋರ್ಸ್ ಬಳಸಿದರೆ ನಮ್ಮ ಕೋಡನ್ನೂ ಬಹಿರಂಗ ಮಾಡಬೇಕಾದೀತು ಎಂದು ಪಾಲುದಾರರು ಹಿಂಜರಿಯುತ್ತಾರೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಆನ್ ಮಾಡಿದಷ್ಟಕ್ಕೇ ಎಂಜಿನ್‌ಎಕ್ಸ್ ಕುಗ್ಗಿಸುವುದು ಎಚ್‌ಟಿಎಂಎಲ್ ಒಂದನ್ನೇ. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಜೇಸನ್, ಎಸ್‌ವಿಜಿಗಳನ್ನು ಸೆಟ್ಟಿಂಗ್ ಕಡತದ ‘ಜಿಜಿಪ್ ಟೈಪ್ಸ್’ ಸಾಲಿನಲ್ಲಿ ನೀವೇ ಸೇರಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಕುಗ್ಗಿಸುವ ಮಟ್ಟ ತಾನಾಗಿ 1 ಇರುತ್ತದೆ, 5ಕ್ಕೆ ಏರಿಸಿ. 9ಕ್ಕೆ ಹೋದರೆ ಪ್ರೊಸೆಸರ್ ದುಡಿಯುತ್ತದೆ, ಗಾತ್ರ ಮಾತ್ರ ಹೆಚ್ಚೇನೂ ಇಳಿಯದು. ಕುಗ್ಗಿಸಬೇಕಾದ ಕಡತದ ಕನಿಷ್ಠ ಗಾತ್ರ 20 ಬೈಟ್ ಎಂದಿರುತ್ತದೆ. 1000 ಮಾಡಿ, ತೀರಾ ಸಣ್ಣ ಕಡತ ಕುಗ್ಗಿಸಲು ಹೋಗಿ ದೊಡ್ಡದಾಗುವುದೂ ಉಂಟು. ನಿಮ್ಮ ಸರ್ವರ್‌ನ ಮುಂದೆ ಸಿಡಿಎನ್ ಅಥವಾ ಪ್ರಾಕ್ಸಿ (ಓದುಗರಿಗೂ ಸರ್ವರ್‌ಗೂ ನಡುವಿನ ಮಧ್ಯವರ್ತಿ ಸರ್ವರ್) ಇದ್ದರೆ ‘ಜಿಜಿಪ್ ಪ್ರಾಕ್ಸಿಡ್’ ಕೂಡ ನೋಡಿ: ಅದು ಆಫ್ ಇದ್ದು, ಕೋರಿಕೆಯಲ್ಲಿ ‘ವಯಾ’ ಹೆಡರ್ (ಮಧ್ಯವರ್ತಿಯ ಮೂಲಕ ಬಂದಿದೆ ಎಂಬ ಸೂಚನೆ) ಬಂದರೆ ಕುಗ್ಗಿಸುವಿಕೆಯೇ ನಡೆಯದು.

ಜೆಪೆಗ್, ವೆಬ್‌ಪಿ, ವೋಫ್2 ಅಕ್ಷರಶೈಲಿಗಳನ್ನು ಪಟ್ಟಿಗೆ ಸೇರಿಸಬೇಡಿ, ಅವು ಮೊದಲೇ ಕುಗ್ಗಿದವು. ಭಾರವೆಲ್ಲ ಬಿಡಿಭಾಗಗಳ ಫೋಟೊಗಳದ್ದೇ ಆಗಿದ್ದರೆ ಜಿಜಿಪ್‌ನಿಂದ ಏನೂ ಆಗದು, ಫೋಟೊಗಳ ಅಳತೆಯನ್ನೇ ಇಳಿಸಬೇಕು.

ಕನ್ನಡ ಪಠ್ಯಕ್ಕಂತೂ ಇದರಿಂದ ಲಾಭ ಜಾಸ್ತಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಮೊದಲ ಬೈಟ್ ಸದಾ ಒಂದೇ, ಎರಡನೆಯದು ಎರಡರಲ್ಲಿ ಒಂದು. ಇಂಥ ಪುನರಾವರ್ತನೆ ಚೆನ್ನಾಗಿ ಕುಗ್ಗುತ್ತದೆ.

ಬ್ರಾಟ್ಲಿ ಹಾಕಿ, ಆದರೆ ಅಳೆದು ಹಾಕಿ. ಬದಲಾಗದ ಕಡತಗಳನ್ನು 11ನೇ ಮಟ್ಟದಲ್ಲಿ ಮುಂಚೆಯೇ ಕುಗ್ಗಿಸಿಡಿ. ಆಗಿಂದಾಗ ತಯಾರಾಗುವ ಪುಟಕ್ಕೆ 4 ಸಾಕು. ಬ್ರೌಸರ್‌ಗಳು ಇದನ್ನು ಕೇಳುವುದು ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ. ಬ್ರಾಟ್ಲಿ ಕೇಳದ ಬ್ರೌಸರ್‌ಗಳಿಗಾಗಿ ಜಿಜಿಪ್ ಇರಲಿ. ಬ್ರಾಟ್ಲಿ ಮಾಡ್ಯೂಲ್ (ಸೇರಿಸಿಕೊಳ್ಳಬೇಕಾದ ಹೆಚ್ಚುವರಿ ಭಾಗ) ಎಂಜಿನ್‌ಎಕ್ಸ್ ಜೊತೆ ಬರುವುದಿಲ್ಲ, ನಿಮ್ಮ ಆವೃತ್ತಿಗೇ ಸರಿಯಾಗಿ ಕಟ್ಟಬೇಕು. ಮುಂದೆ ಎಂಜಿನ್‌ಎಕ್ಸ್ ಅಪ್‌ಡೇಟ್ ಮಾಡಿ ಮಾಡ್ಯೂಲ್ ಮರೆತರೆ ಸರ್ವರ್ ಏಳುವುದೇ ಇಲ್ಲ.

ಲಾಗಿನ್ ಆದ ಮೇಲಿನ ಪುಟಗಳಲ್ಲಿ ಎಚ್ಚರ ಬೇಕು. ಬಳಕೆದಾರ ಟೈಪಿಸಿದ್ದೂ ಗುಪ್ತ ಟೋಕನ್ನೂ (ಕೋರಿಕೆ ಅಸಲಿಯೆಂದು ಗುರುತಿಸುವ ಸಂಕೇತ) ಒಂದೇ ಪುಟದಲ್ಲಿ ಕುಗ್ಗಿದರೆ, ಗಾತ್ರದ ವ್ಯತ್ಯಾಸ ನೋಡಿಯೇ ಟೋಕನ್ ಊಹಿಸಬಹುದೆಂದು 2013ರ ‘ಬ್ರೀಚ್’ ದಾಳಿ ತೋರಿಸಿತು. ಅಲ್ಲಿ ಕುಗ್ಗಿಸುವುದನ್ನು ನಿಲ್ಲಿಸಿ, ಇಲ್ಲವೇ ಪ್ರತಿ ಕೋರಿಕೆಗೂ ಟೋಕನ್‌ನ ರೂಪ ಬದಲಿಸಿ.

ಪಾಲುದಾರರ ಅಂಜಿಕೆಗೆ ಆಧಾರವಿಲ್ಲ. ಬ್ರಾಟ್ಲಿಯದು ಎಂಐಟಿ ಲೈಸೆನ್ಸ್, ಎಂಜಿನ್‌ಎಕ್ಸ್‌ನದು ಬಿಎಸ್‌ಡಿ ಲೈಸೆನ್ಸ್. ನಿಮ್ಮ ಕೋಡ್ ಬಹಿರಂಗ ಮಾಡಬೇಕೆಂದು ಇವೆರಡೂ ಕೇಳುವುದಿಲ್ಲ. ಅವನ್ನು ಬೇರೆಯವರಿಗೆ ಹಂಚಿದರೆ ಹಕ್ಕುಸ್ವಾಮ್ಯದ ಸೂಚನೆ ಉಳಿಸಿದರಾಯಿತು. ನಿಮ್ಮ ಸರ್ವರ್‌ನಲ್ಲಿ ಓಡಿಸುವುದಕ್ಕೆ ಅದೂ ಬೇಡ.